ಪೋಟಗಿಯ ಕಡತ ಒಂದು, ಮಗುವಿನ ಭೇಟಿಯ ಕಡತ ಇನ್ನೊಂದು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಭಾಗದಲ್ಲಿ ಜನ ‘ಪೋಟಗಿ ಕೇಸು’ ಎನ್ನುವ ಜೀವನಾಂಶದ ಪ್ರಕರಣಗಳು ಮೇಲ್ನೋಟಕ್ಕೆ ಗಂಡ-ಹೆಂಡಿರ ಜಗಳವಾಗಿ ಕಂಡರೂ, ಅವುಗಳ ನಡುವೆ ನಿಂತಿರುವುದು ಮಗು. ಆದೇಶವಾದರೂ ಹಣ ಕೈಗೆ ಬರುವುದಿಲ್ಲ ಎಂಬುದು ತಾಯಂದಿರ ದೂರು. ಹಣ ಕಟ್ಟಿದರೂ ಮಗುವಿನ ಮುಖ ನೋಡಲು ಬಿಡುವುದಿಲ್ಲ ಎಂಬುದು ತಂದೆಯರ ದೂರು. ಹಣವನ್ನೂ ಪಾಲನೆಯನ್ನೂ ಕಾನೂನು ಆರಂಭದಿಂದಲೇ ಬೇರೆ ಬೇರೆ ದಾರಿಯಲ್ಲಿ ನಡೆಸಿದ್ದರಲ್ಲಿ ಎರಡೂ ದೂರುಗಳ ಬೇರಿದೆ.

ಜೀವನಾಂಶ ಕೊಡಿಸುತ್ತಿದ್ದ 1898ರ ದಂಡ ಪ್ರಕ್ರಿಯಾ ಸಂಹಿತೆಯ 488ನೇ ಕಲಮಿಗೆ ಕುಟುಂಬದ ನ್ಯಾಯಕ್ಕಿಂತ, ಕೈಬಿಟ್ಟ ಹೆಂಡತಿ-ಮಕ್ಕಳು ಬೀದಿಪಾಲಾಗಬಾರದೆಂಬ ಕಾಳಜಿಯೇ ಮುಖ್ಯವಾಗಿತ್ತು. ಅದಕ್ಕೇ ಮೊತ್ತಕ್ಕೆ ಮಿತಿ ಹಾಕಲಾಗಿತ್ತು. 1955ರಲ್ಲಿ ತಿಂಗಳಿಗೆ 500 ರೂಪಾಯಿಗೆ ಏರಿದ ಆ ಮಿತಿ, 1973ರ ಸಂಹಿತೆಯ 125ನೇ ಕಲಮಿನಲ್ಲೂ ಹಾಗೇ ಉಳಿದು, 2001ರ ತಿದ್ದುಪಡಿಯಲ್ಲಿ ಮಾತ್ರ ರದ್ದಾಯಿತು. ಅಷ್ಟರೊಳಗೆ ಒಂದಿಡೀ ತಲೆಮಾರಿನ ಮಕ್ಕಳು ಬೆಳೆದು ದೊಡ್ಡವರಾಗಿದ್ದರು. ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟಿಸು ತಲುಪಿದ 60 ದಿನಗಳೊಳಗೆ ಸಾಧ್ಯವಾದಮಟ್ಟಿಗೆ ಇತ್ಯರ್ಥಪಡಿಸಬೇಕೆಂದೂ ಅದೇ ತಿದ್ದುಪಡಿ ಹೇಳಿತು.

ಪಾಲನೆಯ ವಿಷಯ 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯಡಿ ಸಿವಿಲ್ ದಾರಿ ಹಿಡಿಯಿತು. ಮುಂಬಯಿ ಪ್ರಾಂತದಲ್ಲಿದ್ದ ಈ ಸೀಮೆಯಲ್ಲಿ ಹಿಂದೂ ದಂಪತಿಗಳಿಗೆ 1947ರ ಮುಂಬಯಿ ಕಾನೂನಿನಿಂದಲೇ ವಿಚ್ಛೇದನದ ಅವಕಾಶ ಸಿಕ್ಕಿತ್ತು (ಜಮಖಂಡಿ, ಮುಧೋಳ, ರಾಮದುರ್ಗ ಆಗಿನ್ನೂ ಸಂಸ್ಥಾನಗಳಾಗಿದ್ದವು). ಹಾಗಾಗಿ ವಿಚ್ಛೇದನದ ನಂತರ ಮಗು ಯಾರ ಬಳಿ ಇರಬೇಕೆಂಬ ಪ್ರಶ್ನೆಗೆ ಇಲ್ಲಿ 1955ರ ಹಿಂದೂ ವಿವಾಹ ಕಾಯ್ದೆಗೂ ಮುಂಚೆಯೇ ಎಡೆಯಿತ್ತು. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆ ತಂದೆಯನ್ನು ಸಹಜ ಪೋಷಕನೆಂದು ಕರೆದು, ತಾಯಿಗೆ ಅವನ ನಂತರದ ಸ್ಥಾನ ಕೊಟ್ಟಿತು. ಐದು ವರ್ಷದೊಳಗಿನ ಮಗು ಮಾತ್ರ ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದಿತು. ತಂದೆ ಬದುಕಿದ್ದರೂ ಹೊಣೆ ಹೊರದಿದ್ದರೆ ತಾಯಿಯೇ ಪೋಷಕಳಾಗಬಹುದೆಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದ್ದು 1999ರಲ್ಲಿ.

ಹಣ, ಪಾಲನೆ ಎರಡನ್ನೂ ಒಂದೇ ಸೂರಿನಡಿ ತಂದದ್ದು 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆ. ಆದರೆ ಅದು ಕಡ್ಡಾಯವಾಗಿದ್ದುದು ಹತ್ತು ಲಕ್ಷ ಮೀರಿದ ಜನಸಂಖ್ಯೆಯ ನಗರಗಳಿಗೆ ಮಾತ್ರ; ಉಳಿದ ಕಡೆ ಸರ್ಕಾರದ ವಿವೇಚನೆಗೆ ಬಿಟ್ಟದ್ದು. ಕುಟುಂಬ ನ್ಯಾಯಾಲಯದ ವ್ಯಾಪ್ತಿಗೆ ಸೇರದ ಊರಿನವರು ಪೋಟಗಿಗೆ ಮ್ಯಾಜಿಸ್ಟ್ರೇಟರ ಬಳಿಗೂ, ಮಗುವಿನ ಭೇಟಿಗೆ ಸಿವಿಲ್ ನ್ಯಾಯಾಲಯಕ್ಕೂ ಅಲೆಯಬೇಕು.

ಆದಾಯದ ಪುರಾವೆ ಈ ಭಾಗದ ದೊಡ್ಡ ತೊಡಕು. ಸಂಬಳದಾರನಿಗೆ ವೇತನ ಚೀಟಿ ಇರುತ್ತದೆ, ಕಬ್ಬು ಬೆಳೆಯುವವನಿಗೆ ಇರುವುದಿಲ್ಲ. ಜಮೀನಿನ ಉತಾರದಲ್ಲಿ (ಪಹಣಿಯಲ್ಲಿ) ಇನ್ನೂ ಅಜ್ಜನ ಹೆಸರೇ ಇರುತ್ತದೆ, ಕಾರ್ಖಾನೆಯ ಬಿಲ್ಲು ಅಣ್ಣನ ಖಾತೆಗೆ ಜಮೆಯಾಗುತ್ತದೆ. ‘ನನ್ನ ಹೆಸರಲ್ಲಿ ಏನೂ ಇಲ್ರೀ’ ಎಂದರೆ ಕಾಗದದ ಮಟ್ಟಿಗೆ ಅದು ಸುಳ್ಳೂ ಅಲ್ಲ. 2020ರ ನವೆಂಬರ್‌ನಲ್ಲಿ ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎರಡೂ ಪಕ್ಷದವರು ಆಸ್ತಿ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕೆಂದಿತಲ್ಲದೆ, ಕೃಷಿಕರಿಗೆಂದೇ ಪ್ರತ್ಯೇಕ ನಮೂನೆ ಕೊಟ್ಟಿತು: ಜಮೀನಿನಲ್ಲಿ ಪಾಲೆಷ್ಟು, ಒಣಭೂಮಿಯೋ ನೀರಾವರಿಯೋ, ಯಾವ ಬೆಳೆ, ದನಕರುಗಳೆಷ್ಟು. ನನ್ನ ಮಟ್ಟಿಗೆ, ಈ ಜಿಲ್ಲೆಗಳಿಗೆ ಕಾಯ್ದೆಯ ಎಷ್ಟೋ ಕಲಮುಗಳಿಗಿಂತ ಉಪಯುಕ್ತವಾದದ್ದು ಈ ನಮೂನೆ. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಕೊಡಿಸಬೇಕೆಂದೂ ಅದೇ ತೀರ್ಪು ಹೇಳಿತು.

ತಾಯಿಯೂ ದುಡಿಯುತ್ತಿದ್ದರೆ ಹೊರೆ ಇಬ್ಬರದೂ ಹೌದು. 2000ದ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇಬ್ಬರ ಆದಾಯ ನೋಡಿ ತಂದೆಗೆ ಎರಡು ಪಾಲು, ತಾಯಿಗೆ ಒಂದು ಪಾಲು ಹಂಚಿತ್ತು. ಪಾಲನೆಯನ್ನೂ ಹೀಗೆ ಹಂಚಿಕೊಳ್ಳಲು ಅವಕಾಶ ಬೇಕೆಂಬ ಪೋಷಕರ ಬೇಡಿಕೆಗೆ 2015ರಲ್ಲಿ ಕಾನೂನು ಆಯೋಗದ 257ನೇ ವರದಿ ಬಲ ನೀಡಿ, ಜಂಟಿ ಪಾಲನೆಯನ್ನೂ ಪೋಷಕತ್ವದಲ್ಲಿ ತಂದೆ-ತಾಯಿಗೆ ಸಮಾನ ಸ್ಥಾನವನ್ನೂ ಶಿಫಾರಸು ಮಾಡಿತು. 1973ರ ಸಂಹಿತೆಯ ಬದಲಿಗೆ 2024ರ ಜುಲೈ 1ರಂದು ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 125ನೇ ಕಲಮು 144 ಆಯಿತು; ಜಂಟಿ ಪಾಲನೆಯ ಮಾತು ಅದರಲ್ಲಿಲ್ಲ. ಹಣ ನಿಲ್ಲಿಸಿದ ತಂದೆಗೆ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲಾಗಬಹುದು, ಆದರೆ ವಸೂಲಿ ಅರ್ಜಿಯನ್ನು ವರ್ಷದೊಳಗೆ ಹಾಕದಿದ್ದರೆ ತಾಯಿಗೆ ಆ ದಾರಿ ಮುಚ್ಚುತ್ತದೆ. ಮಗುವನ್ನು ತೋರಿಸಲಿಲ್ಲವೆಂಬುದು ಹಣ ನಿಲ್ಲಿಸಲು ಕಾರಣವಾಗದು. ಅದಕ್ಕೆ ತಂದೆ ಬೇರೆ ಅರ್ಜಿಯನ್ನೇ ಹಾಕಬೇಕು.