ಒಂದೂವರೆ ಕಳೆದಿರಾ?

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಮೇಲಿನ ಮಹಡಿಯಲ್ಲಿರುವ ಗಂಡ ಹೆಂಡತಿ ಇಬ್ಬರೂ ಮೂವತ್ತು ವರ್ಷಕ್ಕಿಂತ ಜಾಸ್ತಿ ಆಪ್ಟೋಮೆಟ್ರಿ ಕಲಿಸಿದವರು. ಬಿಲ್ಡಿಂಗಿನವರಿಗೆಲ್ಲ ಅವರು ಮೇಷ್ಟ್ರು ಮತ್ತು ಮೇಡಂ. ನೋಟ ಅಳೆಯುವುದು, ಕನ್ನಡಕದ ಪವರ್ ಕಂಡುಹಿಡಿಯುವುದು, ಕಾಯಿಲೆಯ ಸುಳಿವು ಸಿಕ್ಕರೆ ಕಣ್ಣಿನ ಡಾಕ್ಟರ ಹತ್ತಿರ ಕಳಿಸುವುದು, ಇದು ಆಪ್ಟೋಮೆಟ್ರಿ. ಈಗ ಅದು ವರ್ಷಗಟ್ಟಲೆ ಓದುವ ಡಿಗ್ರಿ, ಅದರಲ್ಲಿ ಒಂದು ವರ್ಷ ಪೂರ್ತಿ ಇಂಟರ್ನ್‌ಶಿಪ್. ಇಷ್ಟೆಲ್ಲ ಯಾಕೆ, ಮೆಷಿನ್ ಮುಂದೆ ಗಲ್ಲ ಇಟ್ಟರೆ ಪವರ್ ಚೀಟಿ ಬರುತ್ತಲ್ವಾ ಅಂತ ನಾನೂ ಒಮ್ಮೆ ಕೇಳಿ ಬೈಸಿಕೊಂಡಿದ್ದೇನೆ.

ಮೇಷ್ಟ್ರು ಜೀವನವಿಡೀ ಹೆಚ್ಚಾಗಿ ಕಲಿಸಿದ್ದು ರೆಟಿನೋಸ್ಕೋಪ್. ನೋಡಲು ಒಂದು ಟಾರ್ಚ್ ಅಷ್ಟೇ. ಕತ್ತಲ ಕೋಣೆಯಲ್ಲಿ ಅದರ ಬೆಳಕಿನ ಪಟ್ಟಿಯನ್ನು ಕಣ್ಣಿನ ಮೇಲೆ ಅತ್ತಿತ್ತ ಆಡಿಸಿದರೆ ಪಾಪೆಯೊಳಗೆ ಕೆಂಪಗೆ ಒಂದು ಹೊಳಪು ಕಾಣುತ್ತದೆ. ಕಣ್ಣಿನ ಹಿಂಪರದೆಯಿಂದ ವಾಪಸ್ ಬರುವ ಬೆಳಕು ಅದು. ಹೊಳಪು ಪಟ್ಟಿಯ ಜೊತೆಗೇ ಓಡಿದರೆ ಪ್ಲಸ್ ಗಾಜು ಹಾಕಬೇಕು, ಎದುರು ಓಡಿದರೆ ಮೈನಸ್. ಹಾಕುತ್ತಾ ಹೋದರೆ ಒಂದು ಕ್ಷಣದಲ್ಲಿ ಓಟವೇ ನಿಂತು ಪಾಪೆ ಪೂರ್ತಿ ಬೆಳಗುತ್ತದೆ. ರೋಗಿ ಬಾಯಿ ಬಿಡುವ ಅಗತ್ಯವೇ ಇಲ್ಲ, ಹಾಗಾಗಿ ಮಾತು ಬಾರದ ಮಗುವಿನ ಪವರ್ ಕೂಡ ಗೊತ್ತಾಗುತ್ತದೆ. 1873ರಲ್ಲಿ ಕುಯಿಗ್ನೆ ಎಂಬ ಫ್ರೆಂಚ್ ಡಾಕ್ಟರು ಗಮನಿಸಿದ ವಿಷಯ ಇದು, ಇವತ್ತಿಗೂ ಹಳತಾಗಿಲ್ಲ. ಮಕ್ಕಳು ಮೆಷಿನ್ನಿನೊಳಗೆ ಇಣುಕುವಾಗ ಹತ್ತಿರದ್ದನ್ನು ನೋಡುವವರ ಹಾಗೆ ಕಣ್ಣು ಬಿಗಿ ಮಾಡಿಬಿಡುತ್ತಾರೆ, ಇಲ್ಲದ ಮೈನಸ್ ಚೀಟಿಯಲ್ಲಿ ಅಚ್ಚಾಗುತ್ತದೆ. ಅದಕ್ಕೇ ನನಗೆ ಬೈಗುಳ ಬಿದ್ದದ್ದು.

ಆದರೆ ಒಂದು ಲೆಕ್ಕ ಇದೆ. ಪರೀಕ್ಷೆ ಮಾಡುವವರು ಕೂರುವುದು 67 ಸೆಂಟಿಮೀಟರ್ ದೂರದಲ್ಲಿ, ಅಂದರೆ ಹೆಚ್ಚುಕಡಿಮೆ ಒಂದು ಕೈಯಳತೆ. ಅಷ್ಟು ಹತ್ತಿರ ಕೂತಿದ್ದಕ್ಕೆ ಸಿಕ್ಕ ಪವರ್‌ನಿಂದ 1.5 ಡಯಾಪ್ಟರ್ (ಗಾಜಿನ ಪವರ್ ಅಳೆಯುವ ಮಾನ) ಕಳೆಯಬೇಕು. ಪ್ಲಸ್ 2.5ಕ್ಕೆ ಓಟ ನಿಂತರೆ ನಿಜವಾದ ಪವರ್ ಪ್ಲಸ್ 1. ಮರೆತರೆ, ನೆಟ್ಟಗಿರುವ ಕಣ್ಣಿಗೂ ಪ್ಲಸ್ ಒಂದೂವರೆ ಏರಿಸಿ ದೂರದ್ದನ್ನೆಲ್ಲ ಮಸುಕು ಮಾಡಿದ ಹಾಗೆ. ಮೊದಲ ವರ್ಷ ಎಲ್ಲರೂ ಮರೆಯುತ್ತಾರಂತೆ.

ಮೇಡಂ ಕಲಿಸಿದ್ದು ಇದರ ಮುಂದಿನ ಪಾಠ, ರೋಗಿಯನ್ನೇ ಪ್ರಶ್ನೆ ಕೇಳುವ ಕಲೆ. ನನಗೇನೋ ಇದೇ ಜಾಸ್ತಿ ಕಷ್ಟದ್ದು ಅನಿಸುತ್ತದೆ. ಯಾಕೆಂದರೆ ಬೆಳಕು ಸುಳ್ಳು ಹೇಳುವುದಿಲ್ಲ, ಮನುಷ್ಯರು ಸುಮ್ನೆ ಮರ್ಯಾದೆಗೆ ಹೇಳಿಬಿಡುತ್ತಾರೆ. ಮಾಟುಂಗಾದ ಹೋಟೆಲೊಂದರ ಅಡುಗೆ ಭಟ್ಟರು, ನಲವತ್ತು ದಾಟಿದ್ದಕ್ಕೆ ಅಕ್ಕಿಯಲ್ಲಿ ಕಲ್ಲು ಕಾಣದೆ ಬಂದವರು, ಎರಡು ಗಾಜು ತೋರಿಸಿ ಯಾವುದು ಚೆನ್ನಾಗಿದೆ ಅಂದರೆ "ಎರಡೂ ಒಳ್ಳೇದೇ ಮೇಡಂ, ನೀವು ಕೊಟ್ಟದ್ದು" ಅಂದರಂತೆ. ಅಂಥ ಕಡೆ ಪ್ರಶ್ನೆ ತಿರುಗಿಸಬೇಕು. ಕೆಂಪು ಹಸಿರು ಬಣ್ಣದ ಚಾರ್ಟ್ ತೋರಿಸಿ ಯಾವುದರ ಮೇಲಿನ ಕಪ್ಪು ಅಕ್ಷರ ಜಾಸ್ತಿ ಕಡು ಅಂತ ಕೇಳುತ್ತಾರೆ. ಹಸಿರು ಬೆಳಕು ಕಣ್ಣಿನೊಳಗೆ ಕೆಂಪಿಗಿಂತ ಸ್ವಲ್ಪ ಮುಂಚೆಯೇ ಒಟ್ಟು ಸೇರುತ್ತದೆ, ಹಾಗಾಗಿ ದೂರದ ಚಾರ್ಟಿನಲ್ಲಿ ಕೆಂಪು ಕಡು ಅಂದರೆ ಇನ್ನೂ ಮೈನಸ್ ಬೇಕು, ಹಸಿರು ಅಂದರೆ ಮೈನಸ್ ಜಾಸ್ತಿಯಾಗಿದೆ. ಬಣ್ಣದ ವಿಷಯದಲ್ಲಿ ಯಾರಿಗೂ ದಾಕ್ಷಿಣ್ಯ ಬರುವುದಿಲ್ಲ ನೋಡಿ.

ಇನ್ನು ಅಕ್ಷರದ ಚಾರ್ಟ್. ನೆದರ್‌ಲೆಂಡ್ಸ್‌ನ ಸ್ನೆಲೆನ್ 1862ರಲ್ಲಿ ಮಾಡಿದ್ದು, 6/6 ಸಾಲಿನ, ಅಂದರೆ ನೆಟ್ಟಗಿರುವ ಕಣ್ಣು ಓದಬೇಕಾದ ಸಾಲಿನ, ಅಕ್ಷರ 9 ಮಿಲಿಮೀಟರ್‌ಗಿಂತ ತುಸು ಚಿಕ್ಕದು, ಓದಬೇಕಾದದ್ದು 6 ಮೀಟರ್ ದೂರದಿಂದ. ಮುಂಬಯಿಯಲ್ಲಿ 6 ಮೀಟರ್ ಉದ್ದದ ಕೋಣೆ ಯಾರಪ್ಪನ ಮನೆಯಲ್ಲಿದೆ? ಅದಕ್ಕೆ 3 ಮೀಟರ್ ದೂರದಲ್ಲಿ ಕನ್ನಡಿ ತೂಗುಹಾಕಿ, ಅಕ್ಷರ ತಿರುಗಿಸಿ ಅಚ್ಚು ಮಾಡಿದ ಚಾರ್ಟನ್ನು ರೋಗಿಯ ತಲೆಯ ಹಿಂದೆ ಇಡುತ್ತಾರೆ. ಬೆಳಕು ಹೋಗಿ ಬರುವಷ್ಟರಲ್ಲಿ 6 ಮೀಟರ್ ಆಯಿತು. ಮೇಷ್ಟ್ರ ಹಾಲ್‌ನಲ್ಲಿ ಟಿವಿ ಪಕ್ಕದಲ್ಲಿರುವ ಕನ್ನಡಿ ಅದಕ್ಕೇ ಅಂತ ನನಗೆ ಗೊತ್ತಾಗಿದ್ದು ತಡವಾಗಿ.

ಇಬ್ಬರೂ ರಿಟೈರ್ ಆದಮೇಲೂ ವರ್ಷಕ್ಕೊಮ್ಮೆ ಒಬ್ಬರ ಕಣ್ಣು ಇನ್ನೊಬ್ಬರು ನೋಡುತ್ತಾರೆ. ಹೋದ ದೀಪಾವಳಿಗೆ ಫರಾಳ ಕೊಡಲು ಹೋದಾಗ ಲೈಟ್ ಆರಿಸಿ ಕೂತಿದ್ದರು. ಮೇಷ್ಟ್ರು ಟಾರ್ಚ್ ಆಡಿಸಿ ಒಂದು ನಂಬರ್ ಹೇಳಿದರು. ಟ್ರಯಲ್ ಫ್ರೇಮಿನೊಳಗಿಂದ, ಅಂದರೆ ಗಾಜು ಬದಲಿಸಿ ನೋಡುವ ಕನ್ನಡಕದೊಳಗಿಂದ, ಮೇಡಂ ಕೇಳಿದರು: "ಒಂದೂವರೆ ಕಳೆದಿರಾ?"