ನಾಲ್ಕು ನಡೆ ಓಡಿ ಲಾಯಕ್ಕೆ ವಾಪಸ್ ಬಂದ ಕುದುರೆ

ಕಳೆದ ಭಾನುವಾರ ಡೊಂಬಿವಲಿಯಲ್ಲಿ ಒಂದು ಚಿಕ್ಕ ರ‍್ಯಾಪಿಡ್ ಚೆಸ್ ಟೂರ್ನಿ. ನನಗೆ ಬಿಳಿ ಕಾಯಿ, ಎದುರಿಗೆ ಹತ್ತು ವರ್ಷದ ಮರಾಠಿ ಹುಡುಗ. ಲೋಕಲ್‌ನಲ್ಲಿ ನಿಂತುಕೊಂಡೇ ಫ್ರೈಡ್ ಲಿವರ್ ಅನ್ನುವ ದಾಳಿಯ ನಡೆಗಳನ್ನು ಬಾಯಿಪಾಠ ಮಾಡಿ ಹೋಗಿದ್ದೆ. ಅದನ್ನೇ ನಂಬಿ ಕೆಟ್ಟೆ.

ಶುರು ಹೀಗೆ (ಮೊದಲು ನನ್ನ ನಡೆ, ಆಮೇಲೆ ಅವನದು; ಕಾಯಿಯ ಹೆಸರಿಲ್ಲದಿದ್ದರೆ ಅದು ಕಾಲಾಳಿನ ನಡೆ): 1. ಇ4 ಇ5 2. ಕುದುರೆ ಎಫ್3, ಕುದುರೆ ಸಿ6 3. ಒಂಟೆ ಸಿ4, ಕುದುರೆ ಎಫ್6. ಇದೇ ಟೂ ನೈಟ್ಸ್ ಡಿಫೆನ್ಸ್, ಅಂದರೆ ಕಪ್ಪು ಎರಡೂ ಕುದುರೆ ಹೊರತರುವ ಆರಂಭ. 4. ಕುದುರೆ ಜಿ5, ಡಿ5 5. ನನ್ನ ಇ4 ಕಾಲಾಳು ಡಿ5 ಹೊಡೆಯಿತು. ಈಗ ಕಪ್ಪು ಕುದುರೆ ಆಸೆಪಟ್ಟು ಡಿ5 ಹೊಡೆದರೆ ನಮಗೆ ಹಬ್ಬ: ಕುದುರೆ ಎಫ್7 ಹೊಡೆಯುತ್ತದೆ, ರಾಜ ಅದನ್ನು ಹೊಡೆಯಲೇಬೇಕು ಅನ್ನುವ ಹಾಗಾಗುತ್ತದೆ, ಆಮೇಲೆ ಮಂತ್ರಿ ಎಫ್3ಕ್ಕೆ ಬಂದು ಚೆಕ್, ಜೊತೆಗೆ ಡಿ5 ಕುದುರೆ ಮೇಲೂ ಕಣ್ಣು. ಅದನ್ನು ಉಳಿಸಿಕೊಳ್ಳಲು ರಾಜ ಇ6ಕ್ಕೆ, ಅಂದರೆ ನಡುಬೀದಿಗೆ ಬರಬೇಕು.

ಹುಡುಗ ಹೊಡೆಯಲಿಲ್ಲ. ಸುಮ್ನೆ ಸಿ6 ಕುದುರೆಯನ್ನು ಎ5ಕ್ಕೆ ಇಟ್ಟು ನನ್ನ ಒಂಟೆಗೆ ಕೈ ಹಾಕಿದ. ನನ್ನ ಪಾಠ ಅಲ್ಲಿಗೆ ಮುಗಿದಿತ್ತು!

6. ಒಂಟೆ ಬಿ5 ಚೆಕ್, ಸಿ6 7. ಕಾಲಾಳು ಸಿ6 ಹೊಡೆಯಿತು, ಬಿ ಕಾಲಾಳು ತಿರುಗಿ ಹೊಡೆಯಿತು 8. ಒಂಟೆ ಇ2, ಎಚ್6 9. ಕುದುರೆ ಎಫ್3, ಇ4 10. ಕುದುರೆ ಜಿ1. ಇಲ್ಲಿ ನಿಲ್ಲಿಸಿ ಎಣಿಸಿ. ಹತ್ತು ನಡೆಯಲ್ಲಿ ನಾಲ್ಕು ಕುದುರೆಗೆ, ಮೂರು ಒಂಟೆಗೆ, ಮೂರು ಕಾಲಾಳಿಗೆ. ಕುದುರೆ ಹುಟ್ಟಿದ ಮನೆಯಲ್ಲೇ ಇದೆ, ಹೊರಗಿರುವುದು ಒಂದೇ ಒಂಟೆ. ಒಂದು ಕಾಲಾಳು ಜಾಸ್ತಿ ಇದೆ ನಿಜ, ಆದರೆ ಅದಕ್ಕೆ ಕೊಟ್ಟ ಬೆಲೆ ಇದು. ಕುದುರೆ ಜಿ5 ಎಳಸು ಆಟಗಾರರ ನಡೆ ಅಂತ ಜರ್ಮನಿಯ ಹಳೇ ಚೆಸ್ ಗುರು ಟರಾಶ್ ಹೀಗಳೆದಿದ್ದು ನನ್ನಂಥವರನ್ನು ನೋಡಿಯೇ ಇರಬೇಕು. (ನಡೆಯೇ ಕೆಟ್ಟದ್ದು ಅಂತ ನಾನು ಒಪ್ಪುವುದಿಲ್ಲ.)

ಹುಡುಗ ಒಂಟೆಯನ್ನು ಸಿ5ಕ್ಕೆ ತಂದ. ನಾನು ಬಿ2ರಲ್ಲಿ ಒಂಟೆ ಕೂರಿಸುವ ಆಸೆಗೆ 11. ಬಿ3 ಆಡಿದೆ. ಅವನು "ವಜೀರ್" ಅಂತ ಗೊಣಗುತ್ತಾ ಮಂತ್ರಿಯನ್ನು ಡಿ4ಕ್ಕೆ ಇಟ್ಟ. ಎಫ್2ರಲ್ಲಿ ಮೇಟ್, ಎ1ರಲ್ಲಿ ಆನೆ, ಎರಡೂ ಒಟ್ಟಿಗೆ! ಕುದುರೆಯನ್ನು ಎಚ್3ಕ್ಕೆ ತಂದು ಮೇಟ್ ತಪ್ಪಿಸಿದೆ, ಆನೆ ಹೋಯಿತು. 11. ಸಿ3 ಆಡಿದ್ದರೆ ಡಿ4 ಮನೆಯೇ ಅವನಿಗೆ ಸಿಗುತ್ತಿರಲಿಲ್ಲ ಅಲ್ವಾ?

ನಿಜವಾದ ತಿದ್ದುಪಡಿ ಇನ್ನೂ ಹಿಂದೆ ಇದೆ. ಹತ್ತನೇ ನಡೆಯಲ್ಲಿ ಕುದುರೆ ಹಿಂದಕ್ಕಲ್ಲ, ಇ5ಕ್ಕೆ ಹೋಗಬೇಕು, ಹೆಚ್ಚಿನವರು ಆಡುವುದು ಅದನ್ನೇ. ಇಲ್ಲದಿದ್ದರೆ ಒಂಬತ್ತರಲ್ಲೇ ಕುದುರೆ ಎಚ್3. ಅಂಚಿನ ಕುದುರೆ ಅಂತ ಮೂಗು ಮುರಿಯಬೇಡಿ, ಮೊದಲ ವಿಶ್ವ ಚಾಂಪಿಯನ್ ಸ್ಟೈನಿಟ್ಜ್ ಆಡುತ್ತಿದ್ದ ಈ ನಡೆಯನ್ನು 1963ರಲ್ಲಿ ಅಮೆರಿಕದ ಫಿಷರ್ ಕೂಡ ಅಲ್ಲಿನವನೇ ಆದ ಬಿಸ್ಗಯರ್ ಮೇಲೆ ಆಡಿದ. ಅಲ್ಲಿದ್ದರೆ ಇ4 ಕಾಲಾಳು ಕುದುರೆಯನ್ನು ಅಟ್ಟಲಾರದು. ಕಪ್ಪು ಒಂಟೆ ಬಂದು ಎಚ್3ರಲ್ಲಿ ಹೊಡೆದರೆ ಜಿ ಕಾಲಾಳಿನಿಂದ ಹೊಡೆಯಿರಿ, ಎರಡು ಒಂಟೆಗಳೂ ನಿಮ್ಮ ಹತ್ತಿರವೇ ಉಳಿಯುತ್ತವೆ. ಮುಂದಿನ ಭಾನುವಾರ ನಾನು ಅದನ್ನೇ ಆಡುವವನು.