ಹತ್ತರಲ್ಲೊಂದು ಮಗು ಬೇರೆಯವರದ್ದಂತೆ!

ಗಂಡ-ಹೆಂಡಿರ ನಡುವಿನ ಮೋಸದ ಮಾತು ಬಂತು ಅಂದರೆ ಯಾರಾದರೊಬ್ಬರು ಈ ಲೆಕ್ಕ ಒಪ್ಪಿಸುತ್ತಾರೆ: ಹತ್ತರಲ್ಲಿ ಒಂದು ಮಗುವಿನ ಅಪ್ಪ ಬೇರೆಯವನಂತೆ, ಡಿಎನ್ಎ ಪರೀಕ್ಷೆಯೇ ಹೇಳಿದೆಯಂತೆ. ಕೇಳಿ ಕೇಳಿ ಸಾಕಾಗಿದೆ. ಲ್ಯಾಬಿಗೆ ಹೋಗುವವರು ಯಾರು ಹೇಳಿ? ಮೊದಲೇ ಅನುಮಾನ ಇದ್ದವರು. ಅಂಥವರಲ್ಲಿ ಸುಮಾರು ಶೇ. 30ರಷ್ಟು ಮಂದಿ ಅಪ್ಪ ಅಲ್ಲ ಅಂತ ಬರುತ್ತದೆ. ಅನುಮಾನವೇ ಇಲ್ಲದ ಗಂಡಸರನ್ನು ನೋಡಿದರೆ ಅದು ಶೇ. 2ಕ್ಕಿಂತ ಕಡಿಮೆ. ಜ್ವರದ ಆಸ್ಪತ್ರೆಯಲ್ಲಿ ನಿಂತು ಊರಿಗೆಲ್ಲ ಜ್ವರ ಅಂದ ಹಾಗಾಯ್ತು, ಅಲ್ವಾ?

ಬೆಲ್ಜಿಯಂನ ಲುವೆನ್ ವಿಶ್ವವಿದ್ಯಾಲಯದ ಮಾರ್ಟನ್ ಲಾರ್ಮೂಸೋ ತಂಡ 500 ವರ್ಷ ಹಿಂದಕ್ಕೆ ಹೋಗಿ ನೋಡಿತು. ಹೇಗೆ ಅನ್ನುವುದೇ ನನಗೆ ಇಷ್ಟ. ಗಂಡಸರಲ್ಲಿ ಮಾತ್ರ ಇರುವ ಡಿಎನ್ಎ ತುಂಡು, ವೈ ಕ್ರೋಮೋಸೋಮ್, ಅಪ್ಪನಿಂದ ಮಗನಿಗೆ ಹೆಚ್ಚುಕಮ್ಮಿ ಹಾಗೇ ದಾಟುತ್ತದೆ. ಮೊಸರಿನ ಹೆಪ್ಪು ಇದ್ದ ಹಾಗೆ: ಅಜ್ಜಿ ಮನೆಯ ಹೆಪ್ಪು ಇಬ್ಬರು ಸೊಸೆಯರ ಮನೆಗೆ ಹೋಯ್ತು, ಅಲ್ಲಿಂದ ಮೊಮ್ಮಕ್ಕಳ ಮನೆಗೆ. ನೂರು ವರ್ಷದ ಮೇಲೆ ಎರಡೂ ಮನೆಯ ಮೊಸರು ನೆಕ್ಕಿ ನೋಡಿ, ರುಚಿ ಬೇರೆ ಇದ್ದರೆ ನಡುವೆ ಯಾರೋ ಪಕ್ಕದ ಮನೆಯಿಂದ ಹೆಪ್ಪು ತಂದಿದ್ದಾರೆ. ಜೆರಾಕ್ಸಿನ ಜೆರಾಕ್ಸ್ ಅಂತಲೂ ಅನ್ನಬಹುದು, ಅಕ್ಷರ ಸ್ವಲ್ಪ ಮಸುಕಾದೀತು, ಆದರೆ ರೇಷನ್ ಕಾರ್ಡು ಹೋಗಿ ಪಹಣಿ ಆಗುವುದಿಲ್ಲ. ಹಾಗೆ ಒಂದೇ ಮೂಲಪುರುಷನ ವಂಶ ಅಂತ ದಾಖಲೆಯಲ್ಲಿದ್ದ 513 ಜೋಡಿ ಗಂಡಸರ ವೈ ಹೋಲಿಸಿದರು. ಎಷ್ಟು ಕಡೆ ಕೊಂಡಿ ತಪ್ಪಿದೆ, ಒಟ್ಟು ಎಷ್ಟು ತಲೆಮಾರು ದಾಟಿದೆ, ಭಾಗಿಸಿದರೆ ಆಯ್ತು.

2019ರಲ್ಲಿ ಬಂದ ಉತ್ತರ: ಒಂದು ತಲೆಮಾರಿಗೆ ಶೇ. 1ರಿಂದ 2ರ ನಡುವೆ. ರೈತರಲ್ಲಿ ಸುಮಾರು 1. ಹತ್ತೊಂಬತ್ತನೇ ಶತಮಾನದ ಕಿಕ್ಕಿರಿದ ಊರುಗಳ ನೇಕಾರರು, ಕೂಲಿಕಾರರಲ್ಲಿ ಮಾತ್ರ ಸುಮಾರು 6. ನೋಡಿ, ಬಡ ಹೆಂಗಸರ ನಡತೆ ಸರಿಯಿರಲಿಲ್ಲ ಅಂತ ಹೊರಟುಬಿಡಬೇಡಿ. ಬಲಾತ್ಕಾರವೂ ಇದರೊಳಗೇ ಇದೆ, ವೈ ಅದನ್ನು ಬೇರೆ ಮಾಡಿ ತೋರಿಸುವುದಿಲ್ಲ. ಮಗು ಹುಟ್ಟದ ಸಂಬಂಧಗಳಂತೂ ಈ ಲೆಕ್ಕಕ್ಕೆ ಸಿಗುವುದೇ ಇಲ್ಲ.

ಹಾಗಂತ ಜಗತ್ತೆಲ್ಲ ಶೇ. 1 ಅಲ್ಲ. ನಮೀಬಿಯಾದ ಹಿಂಬಾ ಪಶುಪಾಲಕರಲ್ಲಿ ಇದು ಶೇ. 48! ಅಲ್ಲಿ ಮದುವೆಯಾದವರಿಗೂ ಬೇರೆ ಸಂಗಾತಿ ಇರುವುದು ಮಾಮೂಲು. ಯಾವ ಮಗು ಯಾರದ್ದು ಅಂತ ಅಲ್ಲಿಗೆ ಹೋದ ಸಂಶೋಧಕರು ಗಂಡ-ಹೆಂಡತಿ ಇಬ್ಬರನ್ನೂ ಕೇಳಿದರು, ಆಮೇಲೆ ಪರೀಕ್ಷೆ ಮಾಡಿದರು. ಇಬ್ಬರ ಅಂದಾಜೂ ಬಹುಪಾಲು ಸರಿಯಾಗಿಯೇ ಇತ್ತು.